ಮೂವರು ಕೂರುವ ಸೀಟು

ಓಪಲ್ ಹೆಂಚಿನ ಮೇಲೆ ಎರಡನೇ ಪ್ಯಾನ್‌ಕೇಕ್ ಮಗುಚುವಷ್ಟರಲ್ಲಿ ಶೆಡ್ಡಿನಿಂದ ಗಂಡನ ಕೂಗು ಬಂತು. "ಓಪಲ್! ಬೇಗ ಬಾ, ಒಂಚೂರು ಕೈ ಕೊಡು!"

ವೆಂಡೆಲನ ಒಂಚೂರು ಎಂದರೆ ಎರಡು ಕೈ, ಒಂದು ಸೊಂಟ, ಅರ್ಧ ದಿನ. ಒಲೆ ಆರಿಸಿ ಹೋದಳು. ಎಂಟು ವರ್ಷದ ಮಗಳು ಟೆಸ್ ಹಿಂದೆಯೇ ಬಂದಳು.

ಅಲ್ಲಿ ಓಪಲಳ ಅಪ್ಪನ ಐವತ್ತೆರಡನೇ ಇಸವಿಯ ಟ್ರಕ್ಕು ಮಿರಮಿರ ಮಿಂಚುತ್ತಿತ್ತು. ವೆಂಡೆಲ್ ಅದನ್ನು ಬಿಚ್ಚಿ ಜೋಡಿಸುವುದರಲ್ಲಿ ಮೂರು ವರ್ಷ ಕಳೆದಿದ್ದ. ನಾಡಿದ್ದು ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಅದು ಹೊರಡಬೇಕಿತ್ತು. ಅಪ್ಪ ಅಮ್ಮನ ನಡುವೆ, ಓಪಲ್ ಚಿಕ್ಕವಳಿದ್ದಾಗ ಕೂರುತ್ತಿದ್ದ ಜಾಗದಲ್ಲೇ, ಜನರತ್ತ ಎರಚುವ ಮಿಠಾಯಿಯ ಬುಟ್ಟಿ ಹಿಡಿದು ಕೂರಬೇಕೆಂದು ಟೆಸ್ ಆ ಮೂರು ವರ್ಷವೂ ಕಾದಿದ್ದಳು. ಬುಟ್ಟಿಗೆ ರಿಬ್ಬನ್ ಕಟ್ಟಿಯೂ ಆಗಿತ್ತು.

ಟ್ರಕ್ಕಿನ ಹಳೆಯ ಉದ್ದ ಸೀಟು ಕೋಳಿಗೂಡು ಸೇರಿತ್ತು. ಅದರ ಬೆಲೆ ತಿಳಿದವು ಆ ಮನೆಯಲ್ಲಿ ಕೋಳಿಗಳು ಮಾತ್ರ.

"ಹೆಂಗಿದೆ?" ವೆಂಡೆಲ್ ಮುಸುಕು ತೆಗೆದ. ಗುಜರಿಯಿಂದ ಸೋಮವಾರ ತಂದಿದ್ದ ರೇಸ್ ಕಾರಿನ ಸೀಟುಗಳು. ಕೆಂಪು ಚರ್ಮ, ತಲೆಗೊಂದು ದಿಂಬು. ಎರಡೇ ಎರಡು. ನಡುವೆ ಕಾಫಿ ಲೋಟ ಇಡುವ ಪೆಟ್ಟಿಗೆ.

"ಮೂರು ಸಲ ಅಳತೆ ಹಿಡಿದಿದ್ದೀವಿ ಕಣಮ್ಮ," ಎಂದ ನೆರೆಮನೆಯ ರಾಯ್ಸ್. "ಕೂದಲೆಳೆಯಷ್ಟೂ ತಪ್ಪಿಲ್ಲ."

"ಇಬ್ಬರೂ ಸೇರಿ ಅಳೆದ್ರಾ? ಹಾಗಾದ್ರೆ ತಪ್ಪಿರೋದು ದೊಡ್ಡದೇ ಇರುತ್ತೆ."

"ನಿಮ್ಮಪ್ಪನ ಸೀಟಲ್ಲಿ ಕೂತ್ರೆ ಬೆನ್ನು ಮುರೀತಿತ್ತು," ವೆಂಡೆಲ್ ಗೊಣಗಿದ.

"ಮೂವತ್ತು ವರ್ಷ ಜೋಳ ಹೇರಿದ ಅಪ್ಪನ ಬೆನ್ನು ಮುರೀಲಿಲ್ಲ. ನಿಂದು ಸೋಫಾದ ಮೇಲೇ ಮುರಿಯುತ್ತೆ."

ರಾಯ್ಸ್ ನಗು ನುಂಗಿಕೊಂಡು ಸ್ಪ್ಯಾನರ್ ಹುಡುಕತೊಡಗಿದ. ಓಪಲ್ ಸೀಟನ್ನು ಒತ್ತಿ ಹಿಡಿದಳು, ವೆಂಡೆಲ್ ಕೊನೆಯ ಬೋಲ್ಟು ಬಿಗಿದ. ಬಿಗಿದವನೇ ಹತ್ತಿ ಕೂತು, ಪೆಟ್ಟಿಗೆಯಲ್ಲಿ ಲೋಟ ಇಟ್ಟು, ಪಟ್ಟಾಭಿಷೇಕವಾದವನಂತೆ ಸುತ್ತ ನೋಡಿದ. "ಕಾಫಿ ಒಂದು ತೊಟ್ಟೂ ಚೆಲ್ಲಲ್ಲ!"

ಕಾಫಿಗೆ ಜಾಗ ಮಾಡಿದ್ದಾನೆ ಮಹಾರಾಯ, ಎಂದುಕೊಂಡಳು ಓಪಲ್. ಬಾಯಿಗೆ ಬಂದ ಮಾತು ಹೊರಬೀಳುವ ಮೊದಲು ಮಗಳತ್ತ ನೋಡಿದಳು.

ಟೆಸ್‌ಳ ಕಣ್ಣು ಒಂದು ಸೀಟಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಇನ್ನೊಂದು ಸೀಟಿಗೆ ಹೋಗಿ ಬರುತ್ತಿತ್ತು. ಸೋಮವಾರದಿಂದ ಮಗು ಏನೋ ಕೇಳಲು ಬಾಯಿ ತೆರೆದು, ಅಪ್ಪನ ಸಂಭ್ರಮ ನೋಡಿ ಮುಚ್ಚಿಕೊಳ್ಳುತ್ತಿದ್ದುದು ಯಾಕೆಂದು ಓಪಲಳಿಗೆ ಈಗ ಹೊಳೆಯಿತು. ಮಗಳ ಬೆನ್ನ ಮೇಲೆ ಕೈಯಿಟ್ಟು ಕಾದಳು.

"ಅಪ್ಪಾ," ಎಂದಳು ಟೆಸ್, "ನಾನೆಲ್ಲಿ ಕೂತ್ಕೊಳ್ಳಲಿ?"