ನಾಲ್ಕನೆಯ ಚೌಕ

“ಸೊನ್ನೆ ಅಂತ ಬರ್ಕೊ,” ಅಂದ ಮಿಲೊ ಪೊಸ್ಪಿಶಿಲ್.

ಸಮೀಕ್ಷೆಗೆಂದು ಬಂದಿದ್ದವಳು ಅರ್ಡಿತ್; ಅವಳು ಬರೆಯಲಿಲ್ಲ. ಎರಡು ಗಂಟೆಯಿಂದ ಅವನ ಅಡುಗೆಮನೆಯ ಮೇಜಿನ ಮೇಲೆ ಕೃಷಿ ಸಮೀಕ್ಷೆಯ ಹಾಳೆಗಳು ಹರಡಿದ್ದವು. ಮೆಕ್ಕೆಜೋಳ ಎಷ್ಟು ಎಕರೆ, ಸೋಯಾ ಎಷ್ಟು, ಡೀಸೆಲ್ಲಿಗೆ, ಬೀಜಕ್ಕೆ, ವಿಮೆಗೆ ಎಷ್ಟು ಹೋಯಿತು ಅನ್ನುವುದನ್ನೆಲ್ಲ ಪಟಪಟನೆ ಹೇಳಿದ್ದವನು ಈ ಪ್ರಶ್ನೆಗೆ ಮುಖ ತಿರುಗಿಸಿಬಿಟ್ಟಿದ್ದ. ಕಳೆದ ವರ್ಷ ಹೆಂಡತಿ ಸಂಬಳವಿಲ್ಲದೆ ವಾರಕ್ಕೆ ಎಷ್ಟು ಗಂಟೆ ಹೊಲದ ಕೆಲಸ ಮಾಡಿದಳು? ಮೂರು ಮೂರು ತಿಂಗಳಿಗೊಂದರಂತೆ ನಾಲ್ಕು ಚೌಕಗಳು.

ಅವನ ಹೆಂಡತಿ ವ್ಲಸ್ತಾ ಕಳೆದ ಅಕ್ಟೋಬರ್ ಹನ್ನೊಂದಕ್ಕೆ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಬಗ್ಗಿಸಿದವಳು ಅರ್ಡಿತಳೇ. ಅವರು ಮೂವರೂ ಒಂದೇ ಶಾಲೆಯಲ್ಲಿ ಓದಿದವರು.

“ಸೊನ್ನೆ ಅಂದ್ರೆ ಅವಳು ಏನೂ ಮಾಡ್ಲಿಲ್ಲ ಅಂತ ಆಗುತ್ತೆ ಮಿಲೊ. ಗೊತ್ತಿಲ್ಲ ಅಂದ್ರೆ ಖಾಲಿ ಬಿಡ್ತೀನಿ. ಎರಡೂ ಒಂದೇ ಅಲ್ಲ.”

“ಖಾಲಿ ಬಿಟ್ರೆ ಏನಾಗುತ್ತೆ?”

“ಲಿಂಕನ್ ಊರಿನ ಹೆಡ್ಡಾಫೀಸಲ್ಲಿ ತುಂಬ್ತಾರೆ. ನಿನ್ನಷ್ಟೇ ಜಮೀನು, ನಿನ್ನಂಥದೇ ಬೆಳೆ ಇರೋ ಮನೆ ಒಂದನ್ನ ಕಂಪ್ಯೂಟರ್ ಹುಡುಕುತ್ತೆ. ಆ ಮನೆ ಹೆಂಗಸಿನ ಗಂಟೆ ತಂದು ಇಲ್ಲಿ ಹಾಕುತ್ತೆ.”

“ಕಂಡೋರ ಹೆಂಡ್ತೀನ ತಂದು ನನ್ನ ಮನೇಲಿ ಇಡ್ತಾರಾ? ವ್ಲಸ್ತಾ ಕೇಳಿದ್ರೆ ಪೊರಕೆ ತಗೊಂಡು ಬರ್ತಿದ್ಳು.”

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಮಿಲೊ ಕಪ್ಪಿನ ತಳ ನೋಡುತ್ತ ಕೂತ. ಮೂರು ವರ್ಷದ ಹಿಂದೆ ಇದೇ ಸಮೀಕ್ಷೆಗೆ ಇದೇ ಮೇಜಿನೆದುರು ಕೂತು ವ್ಲಸ್ತಾ ಅರ್ಡಿತಳಿಗೆ ಉತ್ತರ ಹೇಳಿದ್ದಳು. ಈ ಪ್ರಶ್ನೆ ಬಂದಾಗ, “ಬಿಡೇ, ಅದನ್ನೆಲ್ಲ ಯಾರು ಎಣಿಸ್ತಾರೆ,” ಎಂದು ಎದ್ದು ಒಲೆಯ ಮೇಲಿನದನ್ನು ಕೆದಕಲು ಹೋಗಿದ್ದಳು. ಅವತ್ತು ತಾನು ಚೌಕ ಖಾಲಿ ಬಿಟ್ಟದ್ದನ್ನು ಅರ್ಡಿತ್ ಮಿಲೊಗೆ ಹೇಳಲಿಲ್ಲ.

“ಇರು,” ಅಂದ ಅವನು. “ಖಾಲಿ ಬಿಡ್ಬೇಡ. ಕರುಗಳಿಗೆ ಹಾಲು ಕುಡ್ಸೋದು ಲೆಕ್ಕಕ್ಕೆ ಬರುತ್ತಾ?”

“ಬರುತ್ತೆ.”

“ಹೊಲಕ್ಕೆ ಊಟ ತರೋದು?”

“ಅಡುಗೆ ಬರಲ್ಲ.”

“ತಂದ್ಮೇಲೆ ಟ್ರಕ್ ಓಡಿಸ್ತಿದ್ಳಲ್ಲ, ಅದು?”

“ಅದು ಬರುತ್ತೆ.”

“ಒಳ್ಳೇ ಕಾನೂನು! ಅದೇ ಕೈ, ಅದೇ ಮಧ್ಯಾಹ್ನ.”

ಅವನು ಬೆರಳು ಮಡಚುತ್ತ ಹೋದ. ಕರುಗಳ ಕೊಟ್ಟಿಗೆ, ಪಟ್ಟಣದಿಂದ ಯಂತ್ರದ ಬಿಡಿಭಾಗ ತರುವುದು, ಮುರಿದ ಬೇಲಿ. ನಡುವೆ ನಿಂತು, “ಅವಳು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತಿದ್ಳು ಅಂತಾನೇ ನಂಗೊತ್ತಿಲ್ಲ,” ಅಂದ. “ನಾನು ಎದ್ದಾಗ ಅವಳ ಬೂಟು ಇರ್ತಿರ್ಲಿಲ್ಲ, ಅಷ್ಟೇ. ಈಗ ಆ ಕೊಟ್ಟಿಗೆ ಕೆಲ್ಸ ನಾನೇ ಮಾಡ್ತೀನಿ. ನಂಗೆ ದಿನಕ್ಕೆ ಮೂರೂವರೆ ಗಂಟೆ ಹಿಡಿಯುತ್ತೆ. ಅವಳು ಚುರುಕು. ಎಷ್ಟು ಚುರುಕು ಅಂತ ಯಾರನ್ನ ಕೇಳ್ಲಿ?”

ಅಂದಾಜು ಹೇಳಿಕೊಡುವ ಹಾಗಿರಲಿಲ್ಲ. ಅರ್ಡಿತಳಿಗೆ ತರಬೇತಿಯಲ್ಲಿ ಮೊದಲು ಕಲಿಸಿದ್ದೇ ಅದನ್ನು.

“ನನ್ನ ಗಂಟೇನೇ ಬರಿ. ಅವಳಿಗೆ ಒಂದಿಷ್ಟು ಜಾಸ್ತಿ ಆದ್ರೂ ಆಗ್ಲಿ.”

ಮೊದಲ ಚೌಕದಲ್ಲಿ ಇಪ್ಪತ್ತೆಂಟು, ಎರಡನೆಯದರಲ್ಲಿ ಮೂವತ್ತೈದು, ಮೂರನೆಯದರಲ್ಲಿ ಮೂವತ್ತು ಬಿತ್ತು. ಕೊನೆಯದು ಉಳಿಯಿತು.

“ಅಕ್ಟೋಬರಿಂದ ಡಿಸೆಂಬರ್,” ಅರ್ಡಿತ್ ಮೆಲ್ಲಗೆ ಓದಿದಳು. “ಹನ್ನೊಂದು ದಿನದ್ದು ಹೇಳು ಸಾಕು. ನಾನು ಭಾಗಿಸ್ಕೋತೀನಿ.”

“ಹತ್ತು ದಿನದ್ದು ಹೇಳ್ತೀನಿ. ಹನ್ನೊಂದನೇ ದಿನ...”

ಅವನು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ.

“ಅವಳು ಟ್ರಕ್ಕಲ್ಲಿದ್ಳು, ಹೊಲದ ಅಂಚಲ್ಲಿ. ನಾನು ಕೊಯ್ಲು ಯಂತ್ರದಲ್ಲಿ. ಹನ್ನೆರಡೂವರೆಗೆ ಒಂದ್ಸಲ ಟ್ರಕ್ಕಿಗೆ ಜೋಳ ಸುರಿದೆ, ಕೈ ಬೀಸಿದ್ಳು. ಬೀಸಿದ್ಳು ಅಂತಾನೇ ಅನ್ಸುತ್ತೆ. ಎರಡಕ್ಕೆ ಇನ್ನೊಂದ್ಸಲ ಸುರಿದೆ. ಟ್ರಕ್ ಸ್ವಲ್ಪ ಮುಂದಕ್ಕೆ ತಗೊಳ್ಲಿ ಅಂತ ಹಾರ್ನ್ ಹೊಡೆದೆ. ತಗೊಳ್ಲಿಲ್ಲ. ಮತ್ತೆ ಹೊಡೆದೆ. ನಿದ್ದೆ ಮಾಡ್ತಿದಾಳೆ ಅಂದ್ಕೊಂಡು ಬಾಯಿಗೆ ಬಂದಂಗೆ ಬೈಕೊಂಡು ಇನ್ನೊಂದು ಸಾಲು ಕೊಯ್ಯೋಕೆ ಹೋದೆ, ಅರ್ಡಿತ್. ಟ್ರಕ್ಕಿನ ಎಂಜಿನ್ ಓಡ್ತಾನೇ ಇತ್ತು.”

ಹೊರಗೆ ನಾಯಿ ಎರಡು ಸಲ ಬೊಗಳಿ ಸುಮ್ಮನಾಯಿತು.

“ಜೀವ ಹೋಗಿದ್ದು ಒಂದು ಗಂಟೆಗಿರಬಹುದು, ಎರಡಕ್ಕಿರಬಹುದು ಅಂದ್ರು ಡಾಕ್ಟರು. ಎಷ್ಟು ಅಂತ ಬರೀತೀಯ ನೀನು?”

ಅರ್ಡಿತಳಿಗೆ ಅವನ ಕೈಯನ್ನು ಹಿಡಿಯಬೇಕೆನಿಸಿತು. ಹಾಳೆಗಳ ಮೇಲಿಂದ ಕೈ ಚಾಚಿ ಹಿಡಿದಳು. ಒರಟು ಕೈ. ಅವನು ಬಿಡಿಸಿಕೊಳ್ಳಲಿಲ್ಲ.

ಕೊನೆಯ ಚೌಕ ನೋಡುತ್ತ ಕೇಳಿದ: “ಖಾಲಿ ಬಿಟ್ರೆ ತರ್ತಾರಲ್ಲ, ಆ ಇನ್ನೊಬ್ಳನ್ನ. ಅವಳು ಡಿಸೆಂಬರ್ ತನಕ ಇದ್ದೋಳೇ ತಾನೆ?”

“ಇದ್ದೋಳೇ ಇರ್ಬೇಕು.”

“ಕೊಯ್ಲು ಮುಗಿಸಿದ್ದೋಳು.”

“ಹೂಂ.”

“ಹಾಗಾದ್ರೆ ಅದನ್ನ ಖಾಲಿ ಬಿಡು.”

ಹತ್ತು ದಿನದ ಗಂಟೆಗಳನ್ನು ಕೇಳಿ ಬರೆದುಕೊಳ್ಳಬಹುದಿತ್ತು. ಕೇಳಬೇಕೆಂದೇ ನಿಯಮ. ಅರ್ಡಿತ್ ಚೌಕದ ಪಕ್ಕದಲ್ಲಿ ‘ಗೊತ್ತಿಲ್ಲ’ ಎಂಬುದಕ್ಕೆ ಗುರುತು ಹಾಕಿ ಹಾಳೆ ಮಗುಚಿದಳು. ಉಳಿದ ಪ್ರಶ್ನೆಗಳು ಹತ್ತೇ ನಿಮಿಷದಲ್ಲಿ ಮುಗಿದವು. ಮಿಲೊ ಬಾಗಿಲ ತನಕ ಬಂದು, ರಸ್ತೆಯಲ್ಲಿ ಮಂಜು ಗಟ್ಟಿಯಾಗಿದೆ, ಹುಷಾರು ಅಂದ.

ಡಾಂಬರು ರಸ್ತೆ ಸೇರುವಲ್ಲಿ ಅವಳು ಕಾರು ನಿಲ್ಲಿಸಿದಳು. ಎಡಕ್ಕೂ ಬಲಕ್ಕೂ ಮೈಲಿಗಟ್ಟಲೆ ಬಯಲು. ಒಂದು ಗಾಡಿಯೂ ಇರಲಿಲ್ಲ. ಆದರೂ ಬ್ರೇಕಿನ ಮೇಲಿಂದ ಕಾಲು ತೆಗೆಯದೆ ಕೂತಿದ್ದಳು. ಎಂಜಿನ್ ಓಡುತ್ತಲೇ ಇತ್ತು.