ಕಾಲು ನೋಡಿ ಪುಸ್ತಕ ಕೊಡುವ ರಮಜಾನಸಾಬರು

ರಮಜಾನಸಾಬ ಅತ್ತಾರರು ಪುಸ್ತಕ ಕೇಳಿಕೊಂಡು ಬಂದವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಚಪ್ಪಲಿಯ ಹಿಮ್ಮಡಿ ಯಾವ ಮಗ್ಗುಲಿಗೆ ಸವೆದಿದೆ, ಹೆಬ್ಬೆರಳಿನ ಮೇಲೆ ಎಷ್ಟು ಧೂಳು ಕೂತಿದೆ, ಬೂಟಿನ ಲಾಡಿ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂದು ವೈದ್ಯರು ನಾಡಿ ಹಿಡಿದ ಗಾಂಭೀರ್ಯದಲ್ಲಿ ಪರೀಕ್ಷಿಸಿ, "ಸ್ವಲ್ಪ ನಡದು ತೋರಸ್ರಿ" ಎಂದು ಅಪ್ಪಣೆ ಮಾಡುತ್ತಿದ್ದರು. ಬಂದವರು ತಬ್ಬಿಬ್ಬಾಗಿ ಬಾಗಿಲಿನಿಂದ ಮೇಜಿನ ತನಕ ನಡೆದು ತೋರಿಸುವರು. ಅವಸರದ ನಡಿಗೆಯವರಿಗೆ ಐತಿಹಾಸಿಕ ಕಾದಂಬರಿ, ಹೆಜ್ಜೆ ಎಳೆಯುವವರಿಗೆ ಪತ್ತೇದಾರಿ, ಹೊಸ ಬೂಟು ಹಾಕಿಕೊಂಡು ಬಿಮ್ಮಗೆ ಬಂದವರಿಗೆ ಮಾಯಾಲೋಕದ ಕಥೆ ಎಂಬುದು ಅವರ ವೈದ್ಯಶಾಸ್ತ್ರ. ಇಷ್ಟು ತಿಳಿಯಿತಲ್ಲ ಎಂದು ನಾನು ಸಮಾಧಾನಪಡುವ ಹೊತ್ತಿಗೆ ಮರುವಾರ ಅದೇ ಶಾಸ್ತ್ರ ತಲೆಕೆಳಗಾಗಿರುತ್ತಿತ್ತು.

ಬಾಗಲಕೋಟೆಯ ಬಿಸಿಲು ಎಂಥದೆಂದು ಬಲ್ಲವರಿಗೆ ಅವರ ಕೋಟಿನ ವಿಷಯ ಹೇಳಿದರೆ ನಂಬಲಿಕ್ಕಿಲ್ಲ. ಡಾಂಬರು ಕರಗಿ ಚಪ್ಪಲಿಗೆ ಅಂಟುವ ಏಪ್ರಿಲ್ಲಿನಲ್ಲೂ ಮೊಳಕಾಲು ಮುಟ್ಟುವ ಕರಿಯ ಉಣ್ಣೆಯ ಕೋಟು, ಅದರ ಎರಡೂ ಜೇಬುಗಳಲ್ಲಿ ಎರಡು ಪುಸ್ತಕ. ದಾರಿಯಲ್ಲಿ ಓದುವ ಚಟದವರು ಯಾರಾದರೂ ಎದುರಾದರೆ ಅಲ್ಲಿಯೇ ಚಿಕಿತ್ಸೆ ನಡೆದುಬಿಡಲಿ ಎಂಬ ಮುಂದಾಲೋಚನೆ. ಸಣಕಲು ದೇಹ, ತುಸು ಎಡಕ್ಕೆ ವಾಲಿದ ನಡಿಗೆ. ಎಡ ಜೇಬಿನದು ಯಾವಾಗಲೂ ದಪ್ಪ ಪುಸ್ತಕವಾಗಿರುತ್ತಿತ್ತು. ಏನು ಕೇಳಿದರೂ ಅವರ ಉತ್ತರ "ಹಂಗಲ್ಲ" ಎಂದು ಆರಂಭವಾಗುವುದು. "ಹಾಗಾದರೆ ಹೀಗೋ?" ಎಂದರೆ, ಒಂದು ಕ್ಷಣ ಯೋಚಿಸಿ, "ಹಂಗೂ ಅಲ್ಲ" ಎನ್ನುವರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ನವನಗರದ ಅವರ ಮನೆಯ ಮುಂದಿನ ಕೋಣೆಯೇ ಅತ್ತಾರ ವಾಚನಾಲಯ. ಹಳೆಯ ಬಾಗಲಕೋಟೆಯ ಓಣಿಯೊಂದರಲ್ಲಿದ್ದ ಅದನ್ನು, ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಊರೇ ಗಂಟು ಕಟ್ಟಿದಾಗ, ಗೋಣಿಚೀಲಗಳಲ್ಲಿ ತುಂಬಿ ಇಲ್ಲಿಗೆ ತಂದರು. ಕಪಾಟುಗಳ ಮೇಲೆ ಇತಿಹಾಸ, ರಹಸ್ಯ, ಅದ್ಭುತ ಎಂದು ಸುಂದರವಾದ ಅಕ್ಷರಗಳಲ್ಲಿ ಬರೆಸಿದ್ದರು; ಪುಸ್ತಕಗಳು ಮಾತ್ರ ಆ ಬರಹವನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಇತಿಹಾಸದಲ್ಲಿ ರಾಕ್ಷಸರಿದ್ದರು, ಅದ್ಭುತದಲ್ಲಿ ಪೊಲೀಸರಿದ್ದರು. ನಾನು ಆಕ್ಷೇಪಿಸಿದರೆ, "ಬಾದಾಮಿ ಗುಡ್ಡದ ಮ್ಯಾಲ ನಿಂತು ನೋಡ್ರಿ ಸರ. ಯಾವುದು ನಡದದ್ದು, ಯಾವುದು ಕಟ್ಟಿದ್ದು, ಯಾವುದು ಮುಚ್ಚಿಟ್ಟದ್ದು ಅಂತ ನಿಮಗ ಬ್ಯಾರೆ ಮಾಡಾಕ ಬರತೈತೇನು?" ಎಂದು ನನ್ನ ಬಾಯಿ ಮುಚ್ಚಿಸಿದರು. ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು ರಾಕ್ಷಸರನ್ನು ಇತಿಹಾಸದಲ್ಲಿಯೇ ಬಿಟ್ಟು ಬಂದೆ.

ನಾನು ಹುನಗುಂದದಿಂದ ವರ್ಗವಾಗಿ ಬಂದ ಹೊಸತರಲ್ಲಿ, ನನ್ನ ನಡಿಗೆಯ ಪರೀಕ್ಷೆ ಮುಗಿಸಿ, ಅವರು ಮೊದಲು ಕೊಟ್ಟ ಪುಸ್ತಕವನ್ನು ಮರೆಯಲಾರೆ. ಹೆಸರಿಲ್ಲ, ಬರೆದವರ ಸುಳಿವಿಲ್ಲ. ರಟ್ಟಿಗೆ ಇಲಕಲ್ ಸೀರೆಯ ತುಂಡನ್ನು, ಕೆಂಪು ದಡಿ ಬೆನ್ನಿಗೆ ಬರುವಂತೆ, ಹದವಾಗಿ ಅಂಟಿಸಿದ್ದರು. ಒಳಗೆ ಒಬ್ಬ ರಾಣಿ. ಶತ್ರುಗಳು ಕೋಟೆಯ ಬಾಗಿಲಿಗೆ ಬಂದಿದ್ದಾರೆ. ಬೊಕ್ಕಸದ ಬೀಗದ ಕೈಯನ್ನು ಹಿಡಿದು ಅವಳು ಬಾವಿಯ ಕಟ್ಟೆಯ ಮೇಲೆ ನಿಂತಿದ್ದಾಳೆ. ತೊಂಬತ್ತಾರನೆಯ ಪುಟ ಮುಗಿಯುತ್ತದೆ. ತೊಂಬತ್ತೇಳನೆಯ ಪುಟದಲ್ಲಿ ಒಬ್ಬ ಇನ್ಸ್‌ಪೆಕ್ಟರು ಲಾಡ್ಜಿನ ಕೋಣೆಯಲ್ಲಿ ಚಹಾ ಕುಡಿಯುತ್ತ, ಕಾಣೆಯಾದ ಜಮೀನುದಾರನ ವಿಷಯ ಕೇಳುತ್ತಿದ್ದಾನೆ! ರಾಣಿ ಎಲ್ಲಿ ಹೋದಳೋ ಸುದ್ದಿಯೇ ಇಲ್ಲ. ನಾನು ಹಿಂದಕ್ಕೆ ತಿರುವಿದೆ, ಮುಂದಕ್ಕೆ ತಿರುವಿದೆ, ಪುಟಸಂಖ್ಯೆ ನೋಡಿದೆ, ಒಂದೂ ತಪ್ಪಿಲ್ಲ. ತಲೆಬುಡ ತಿಳಿಯದಿದ್ದರೂ, ಇದೇನೋ ನೂತನ ತಂತ್ರವಿರಬೇಕೆಂದು ಭಾವಿಸಿ ಭಕ್ತಿಯಿಂದ ಕೊನೆಯ ತನಕ ಓದಿದೆ.

ಹಿಂದಿರುಗಿಸಲು ಹೋದಾಗ, "ಅಲ್ಲ, ಆ ರಾಣಿ..." ಎಂದು ಬಾಯಿ ತೆರೆದದ್ದೇ ತಡ, ರಮಜಾನಸಾಬರು ತುಟಿಯ ಮೇಲೆ ಬೆರಳಿಟ್ಟು, ಒಳಕೋಣೆಯ ಪರದೆಯತ್ತ ಹೆದರಿದ ನೋಟ ಹರಿಸಿದರು. ಪರದೆಯ ಆಚೆ ಅವರ ಹೆಂಡತಿ ಶಮಾ ಸೂಜಿ ದಾರ ಹಿಡಿದು ಹರಿದ ಪುಸ್ತಕಗಳನ್ನು ಹೊಲಿಯುತ್ತ ಕುಳಿತಿದ್ದರು. "ಹೊರಗ ಬರ್ರಿ, ಚಹಾ ಕುಡಿಯೂಣು" ಎಂದು ನನ್ನನ್ನು ಹೆಚ್ಚೂಕಡಿಮೆ ದಬ್ಬಿಕೊಂಡೇ ಹೋದರು.

ಚಹಾದಂಗಡಿಯ ಬೆಂಚಿನ ಮೇಲೆ ವಿಷಯ ಹೊರಬಿತ್ತು. ಊರು ಬಿಡುವ ಗದ್ದಲದಲ್ಲಿ ಗೋಣಿಚೀಲಗಳು ತೊಯ್ದು, ಪುಸ್ತಕಗಳ ಹೊಲಿಗೆ ಬಿಚ್ಚಿ, ಹಾಳೆಗಳು ರಾಶಿ ಬಿದ್ದವು. ಸಾಬರು ಎದೆಯೊಡೆದು ಕೂತುಬಿಟ್ಟರು. ಆಗ ರಾಶಿಯ ಮುಂದೆ ಕುಳಿತು ಒಂದೊಂದೇ ಹಾಳೆ ಒಣಗಿಸಿ ಜೋಡಿಸಿದವರು ಶಮಾ. ಇಲಕಲ್ಲಿನ ನೇಕಾರರ ಮನೆಯ ಮಗಳು. ಮಗ್ಗದ ಮುಂದೆ ಎಳೆ ಎಣಿಸಿ ಬೆಳೆದ ಆಕೆಗೆ ಕನ್ನಡದ ಅಂಕಿ ಚೆನ್ನಾಗಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ರಾಣಿಯ ಕಥೆಯ ಕೊನೆಯ ಅರ್ಧವೂ ಇನ್ಸ್‌ಪೆಕ್ಟರನ ಕಥೆಯ ಮೊದಲ ಅರ್ಧವೂ ನೀರುಪಾಲಾಗಿದ್ದವು. ತೊಂಬತ್ತಾರರ ಪಕ್ಕಕ್ಕೆ ತೊಂಬತ್ತೇಳನ್ನು ಇಟ್ಟು, ತನ್ನ ಮದುವೆಯ ಸೀರೆಯನ್ನೇ ಕತ್ತರಿಸಿ ರಟ್ಟಿಗೆ ಹೊದಿಸಿ, ಆಕೆ ಹೊಲಿದ ಮೊಟ್ಟಮೊದಲ ಪುಸ್ತಕ ಅದು.

"ಹಾಗಾದರೆ ಅದೊಂದನ್ನು ಒಳಗೆ ಇಟ್ಟುಬಿಡಬಹುದಿತ್ತಲ್ಲ?" ಎಂದು ಕೇಳಿದೆ.

"ಹಂಗಲ್ಲ. ಬಚ್ಚಿಟ್ರ ಆಕಿ ಕೇಳತಾಳ, ನನ್ನ ಪುಸ್ತಕ ಯಾರೂ ಒಯ್ಯಂಗಿಲ್ಲೇನು ಅಂತ. ಅದಕ್ಕ ಹೊಸದಾಗಿ ಬಂದೋರಿಗೆಲ್ಲಾ ಮೊದಲ ಅದನ್ನ ಕೊಡತೇನಿ. ತಿರುಗಿ ಬಂದಾಗ ಇಲ್ಲಿಗೆ ಕರಕೊಂಡ ಬಂದು ಚಹಾ ಕುಡಿಸಿ, ಆಕಿ ಮುಂದ ಅನಬ್ಯಾಡ್ರಿ ಅಂತ ಕೈ ಮುಗಿತೇನಿ."

ಹೀಗೆ ನವನಗರದ ಓದುಗರೆಲ್ಲ ಒಂದು ಗುಟ್ಟಿನಲ್ಲಿ ಭಾಗಿಗಳಾಗಿದ್ದರು. ಸಾಬರ ಚಹಾಕ್ಕೆ ಸಿಗದೆ ತಪ್ಪಿಸಿಕೊಂಡವರು ಒಬ್ಬರೇ: ಬೇವೂರಿನ ಅಂಗನವಾಡಿ ಶಿಕ್ಷಕಿ ದಾನಮ್ಮ. ರವಿವಾರದ ಬಸ್ಸಿಗೆ ಬಂದು ಚೀಲ ತುಂಬ ಪುಸ್ತಕ ಒಯ್ಯುವ ಆಕೆಗೆ ಆ ಪುಸ್ತಕ ಅರ್ಥವಾಗಿಬಿಟ್ಟಿತ್ತು! "ರಾಣಿ ಬಾವ್ಯಾಗ ಒಗದ ಕೀಲಿ ಆ ಜಮೀನುದಾರಗ ಸಿಕ್ಕೈತ್ರಿ. ರಾಣಿ ದೆವ್ವಾಗಿ ಬಂದು ಅವನ್ನ ಎತ್ತಿ ಹಾಕ್ಯಾಳ. ಪೊಲೀಸಪ್ಪಗ ಹೆಂಗ ಸಿಗಬೇಕು? ಇತಿಹಾಸಾನೂ ಆತು, ಪತ್ತೇದಾರಿನೂ ಆತು, ಮಾಯಾನೂ ಆತು" ಎಂದು ಸಂಭ್ರಮದಿಂದ ವಿವರಿಸಿದಾಗ, ನನಗೆ ಒಂದು ಗಳಿಗೆ ಅದೇ ಸರಿಯೆನ್ನಿಸಿ, ಯಾರು ತಪ್ಪು ಓದಿದವರು, ಯಾರು ಸರಿ ಓದಿದವರು ಎಂಬುದೇ ಗೊಂದಲವಾಯಿತು. ಸಾಬರು ಪಕ್ಕದಲ್ಲಿ ನಿಂತು "ಹಂಗೂ ಅಲ್ಲ" ಎಂದು ಮೆಲ್ಲಗೆ ಗೊಣಗಿದರು, ಆಕೆಗೆ ಕೇಳಿಸಲಿಲ್ಲ.

ಸಂಕಟ ಬಂದದ್ದೂ ದಾನಮ್ಮನಿಂದಲೇ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಆಕೆ ಶಮಾರಿಗೆ ಕನ್ನಡ ಅಕ್ಷರ ಕಲಿಸತೊಡಗಿದ್ದಳು. ಶಮಾ ಬೆರಳಿಟ್ಟು ಪದ ಕೂಡಿಸುವಷ್ಟಾದರು, ಸಾಲು ಓದುವಷ್ಟಾದರು. "ಚಾಚಿ, ನೀವ ಹೊಲಿದದ್ದು ಐತಲ್ಲ, ಮೊದಲ ಅದನ್ನ ಓದ್ರಿ, ಭಾಳ ಛಲೋ ಐತಿ" ಎಂದು ಆ ಪುಣ್ಯಾತ್ಗಿತ್ತಿ ಶಿಫಾರಸು ಮಾಡಿ ಬಸ್ಸು ಹತ್ತಿ ಹೋದಳು.

ಮರುದಿನ ರಮಜಾನಸಾಬರು ನನ್ನ ಮನೆಗೇ ಬಂದರು. ಕೋಟಿನ ಗುಂಡಿಗಳನ್ನು ತಪ್ಪಿ ಹಾಕಿಕೊಂಡಿದ್ದರು. ಜಿಲ್ಲೆಗೆಲ್ಲ ಪುಸ್ತಕ ಸೂಚಿಸಿದ ಮನುಷ್ಯ ನನ್ನ ಚಪ್ಪಲಿ ನೋಡುತ್ತ, "ಒಂದು ಪುಸ್ತಕ ಹೇಳ್ರಿ ಸರ. ಅದನ್ನ ಓದಾಕ ಕುಂತ್ರ ಆಕಿಗೆ ಇದರ ನೆನಪ ಹೋಗಬೇಕು" ಎಂದು ಬೇಡಿಕೊಂಡರು. ಅಷ್ಟು ಜೀವ ಹಿಂಡಿದ ಬೇಡಿಕೆಯನ್ನು ನನ್ನ ವೃತ್ತಿಜೀವನದಲ್ಲಿ ಯಾವ ವಿದ್ಯಾರ್ಥಿಯೂ ನನ್ನ ಮುಂದೆ ಇಟ್ಟಿರಲಿಲ್ಲ. ಹಾರುವ ಕುದುರೆಗಳ, ಮಾತನಾಡುವ ಬೆಟ್ಟಗಳ ದೊಡ್ಡದೊಂದು ಅದ್ಭುತ ಕಾದಂಬರಿಯನ್ನು ಆರಿಸಿ ಕೊಟ್ಟೆ. ಕೆಲವೇ ದಿನಗಳಲ್ಲಿ ಅದು ತಿರುಗಿ ಬಂತು. "ಕುದರಿ ಹಾರತಾವ ಖರೆ, ಆದ್ರ ಅವಕ್ಕ ಹುಲ್ಲ ಹಾಕೋರ ಯಾರೂ ಇಲ್ಲಲ್ರಿ" ಎಂಬುದು ಶಮಾರ ವಿಮರ್ಶೆ. ಬಳಿಕ ಒಂದು ಪತ್ತೇದಾರಿ ಕೊಟ್ಟೆ. ಕೊಲೆಗಾರ ಯಾರೆಂದು ಆಕೆ ಅರ್ಧಕ್ಕೇ ಹೇಳಿಬಿಟ್ಟರು. ಕಡೆಗೆ ಸಾಬರು ಆ ಸೀರೆಯ ರಟ್ಟಿನ ಪುಸ್ತಕವನ್ನೇ ಕೋಟಿನಲ್ಲಿ ಅಡಗಿಸಿ ತಂದು ನನ್ನ ಮನೆಯಲ್ಲಿ ಇರಿಸಿ ಹೋದರು. ಅದೂ ನಡೆಯಲಿಲ್ಲ. ದಾರಿಯಲ್ಲಿ ಸಿಕ್ಕ ಶಮಾ, "ಸರ, ನನ್ನ ಪುಸ್ತಕ ನಿಮ್ಮ ಹಂತ್ಯಾಕ ಐತಂತಲ್ಲ, ಓದಿ ಆಗಿದ್ರ ತಂದು ಕೊಡ್ರಿ" ಎಂದು ನಗುತ್ತ ಕೇಳಿದರೆ, ಯಾವ ನಾಲಗೆಯಿಂದ ಇಲ್ಲವೆನ್ನಲಿ?

ಒಯ್ದು ಕೊಟ್ಟೆ. ಅಂದಿನಿಂದ ಸಾಬರಿಗೆ ಅನ್ನ ಸೇರದಾಯಿತು. ನಾನು ದಿನವೂ ಸಂಜೆ ಅತ್ತ ಹೋಗಿಬರುತ್ತಿದ್ದೆ. ಕುತೂಹಲವೆನ್ನಲೋ, ಮರುಕವೆನ್ನಲೋ, ನನಗೇ ಗೊತ್ತಿಲ್ಲ. ಶಮಾ ಪರದೆಯನ್ನು ಸರಿಸಿ, ಬೆಳಕಿಗೆ ಕುಳಿತು, ತುಟಿಯಾಡಿಸುತ್ತ, ಸಾಲಿನ ಕೆಳಗೆ ಬೆರಳು ಜರುಗಿಸುತ್ತ, ರಾಣಿಯ ಜೊತೆಗೆ ಕೋಟೆಯ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಒಂದು ಸಂಜೆ ಆ ಬೆರಳು ನಿಂತಿತು. ಹಾಳೆ ತಿರುವಿದರು; ಮತ್ತೆ ಹಿಂದಕ್ಕೆ ತಿರುವಿದರು; ಪುಟದ ತಲೆಯ ಮೇಲಿನ ಅಂಕಿಯನ್ನು ನೋಡಿದರು. ಗಂಡಹೆಂಡತಿ ತಮ್ಮೊಳಗೆ ಉರ್ದುವಿನಲ್ಲೇ ಮಾತನಾಡುವವರು. ಅಂದು ಆಕೆ ನನಗೂ ಕೇಳಲೆಂದೇ ಕನ್ನಡದಲ್ಲಿ ಕೇಳಿದರು.

"ಇದು ನಾ ಮಾಡಿದ್ದೇನ್ರಿ?"

"ಹಂಗಲ್ಲ..."

"ಹಂಗೂ ಅಲ್ಲ ಅನಬ್ಯಾಡ್ರಿ ಈಗ. ಎಷ್ಟ ಮಂದಿ ಓದ್ಯಾರ ಇದನ್ನ?"

ಸಾಬರು ನೆಲ ನೋಡಿದರು. "ಎಲ್ಲಾರೂ."

ಶಮಾರ ಮುಖ ಕೆಂಪಗಾಯಿತು. "ಊರ ಮಂದಿಗೆಲ್ಲಾ ಗೊತ್ತು, ನನಗೊಬ್ಬಾಕಿಗೆ ಗೊತ್ತಿಲ್ಲ. ಅಕ್ಷರ ಬರದಾಕಿ ತಪ್ಪು ಮಾಡಿದ್ಲು, ಅದರಾಗ ನಾಚಿಕಿ ಇಲ್ಲ. ಅಕ್ಷರ ಬರೋರು ನೀವು, ನನಗ ಹೇಳಬಾರದಾ?" ಎಂದು ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಎದ್ದು ಕತ್ತರಿ ತಂದರು. ರಮಜಾನಸಾಬರು ಎರಡೂ ಕೈಯನ್ನು ಪುಸ್ತಕದ ಮೇಲೆ ಊರಿ ನಿಂತರು. ಕತ್ತರಿ ಹಿಡಿದೇ ಶಮಾ ಕೇಳಿದರು: "ಹೋಗ್ಲಿ, ಆ ರಾಣಿ ಮುಂದ ಏನ ಮಾಡಿದ್ಲು? ಅದನ್ನರ ಹೇಳ್ರಿ."

"ನನಗೂ ಗೊತ್ತಿಲ್ಲ, ಶಮಾ. ಅದನ್ನ ಓದೂಕಿಂತ ಮೊದಲ ನೀರ ಬಂತು."

"ಗೊತ್ತಿಲ್ಲದನ ಎಲ್ಲಾರಿಗೂ ಕೊಟ್ರೇನು?"

ಆಕೆ ಗಂಡನ ಬಾಗಿದ ನೆತ್ತಿಯನ್ನು ನೋಡಿದರು, ನಂತರ ನನ್ನ ಕಡೆಗೆ ತಿರುಗಿದರು. "ನಮ್ಮ ಇಲಕಲ್ ಸೀರಿನೂ ಹಂಗ ನೋಡ್ರಿ ಸರ, ಒಡಲಿನ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ, ನಡುವ ಕೊಂಡಿ ಹಾಕಿ ಕೂಡಸತಾರ. ಆದ್ರ ಉಡಾಕಿಗೆ ಅದು ಗೊತ್ತಿರತೈತಿ" ಎಂದು ಕತ್ತರಿಯನ್ನು ಕೆಳಗಿಟ್ಟರು. ಕ್ಷಮಿಸಿದರೋ, ಬೈದರೋ, ನನಗೆ ತಿಳಿಯಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ.

ಈಗ ಹೊಸಬರಿಗೆ ಆ ಪುಸ್ತಕ ಕೊಡುವವರು ಶಮಾ. "ಇದನ್ನ ನಾ ತಪ್ಪ ಹೊಲದೇನಿ. ಓದಿ ನೋಡ್ರಿ, ರಾಣಿ ಏನ ಮಾಡಿರಬೇಕು ಬಂದು ಹೇಳ್ರಿ" ಎಂದು ಮುಖಕ್ಕೆ ಹೇಳಿಯೇ ಕೈಗಿಡುತ್ತಾರೆ. ಓದಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದಾನಮ್ಮನಂತೂ ತನ್ನ ವಾದದಿಂದ ಒಂದಿಂಚೂ ಕದಲಿಲ್ಲ. ಮೊನ್ನೆ ಹೋದಾಗ ನಾನು ಅಭ್ಯಾಸಬಲದಿಂದ ಮೇಜಿನ ತನಕ ನಡೆದು ತೋರಿಸಿ ನಿಂತೆ. ರಮಜಾನಸಾಬರು ನನ್ನ ಕಾಲಿನತ್ತ ತಿರುಗಲೇ ಇಲ್ಲ. ಕತ್ತೆತ್ತಿ ನನ್ನ ಮುಖವನ್ನು ನೋಡಿ, ಪರಮಾಶ್ಚರ್ಯದಿಂದ, "ಅರೆ! ನಿಮಗ ಚಾಳೀಸ ಯಾವಾಗ ಬಂತ್ರಿ ಸರ?" ಎಂದು ಕೇಳಿದರು. ಅವರನ್ನು ಕಂಡ ಮೊದಲ ದಿನದಿಂದಲೂ ನಾನು ಕನ್ನಡಕ ಹಾಕಿಕೊಂಡವನೇ.

ಪುಸ್ತಕ ಸೂಚಿಸುವವರಲ್ಲಿ ಪಂಡಿತರಿದ್ದಾರೆ, ರಸಿಕರಿದ್ದಾರೆ, ತಮ್ಮ ಓದನ್ನು ಮೆರೆಸುವವರೂ ಇದ್ದಾರೆ. ಅವರೆಲ್ಲರ ನಡುವೆ ರಮಜಾನಸಾಬರಂಥ ಒಂದು ಜಾತಿಯೂ ಉಂಟು. ಇದು ನನಗಾಗಿಯೇ ಆರಿಸಿದ ಪುಸ್ತಕವೆಂದು ನಾವು ಬೀಗುತ್ತ ಅವರ ಕೈಯಿಂದ ಇಸಿದುಕೊಳ್ಳುತ್ತೇವೆ. ಅವರ ಕಿವಿ ಮಾತ್ರ ಪರದೆಯ ಆಚೆಗಿರುತ್ತದೆ. ಇಂಥವರು ಒಳಗಿನ ಅಳುಕಿಗೆ ಕಣ್ಣು ತಗ್ಗಿಸಿ ನಿಲ್ಲುವುದನ್ನು ನಾವು ಪಾದಪರೀಕ್ಷೆಯೆಂದುಕೊಂಡು, ಪಾಪ, ಕೋಣೆಯ ತುಂಬ ನಡೆದು ತೋರಿಸುತ್ತಿರುತ್ತೇವೆ.