ದೋಣಿಗೆ ನಾಲ್ಕು ರಿಂಗು

ಗಾಳಿ ತುಂಬುವ ಪುಟ್ಟ ರಬ್ಬರ್ ದೋಣಿಯನ್ನು ಚೈನ್ ಪುಲ್ಲಿಯಿಂದ ಎತ್ತಿ ಶೆಡ್ಡಿನ ತೊಲೆಗೆ ತೂಗುಹಾಕಬೇಕು, ಅದಕ್ಕೆ ನಾಲ್ಕು ಉಕ್ಕಿನ ರಿಂಗು ಅಂಟಿಸಬೇಕು ಅಂತ ಗಂಡ ಹೊರಟಾಗಲೇ ಅವಳು ಹೇಳಿದ್ದಳು: "ರೀ, ಮೋಟರ್ ಕಟ್ಟಿಯೇ ಸಮತೂಕ ನೋಡಿ. ಅದು ಯಾವಾಗ್ಲೂ ದೋಣಿ ಹಿಂದೆ ಇದ್ದೇ ಇರುತ್ತಲ್ಲ."

"ನನಗೇ ಹೇಳಿಕೊಡೋಕೆ ಬಂದ್ಯಾ?" ಅಂದ ಆ ಮಹರಾಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಖಾಲಿ ದೋಣಿಯನ್ನು ಒಂದು ಪೈಪಿನ ಮೇಲೆ ಅಡ್ಡಲಾಗಿ ಇಟ್ಟು, ಅದು ಯಾವ ಕಡೆಗೂ ವಾಲದೆ ನಿಂತ ಜಾಗ ನೋಡಿ ಗುರುತು ಹಾಕಿದ. ರಬ್ಬರನ್ನು ಚೆನ್ನಾಗಿ ಉಜ್ಜಿ, ಗೋಂದು ಬಳಿದು, ಆ ಗುರುತಿನ ಆಚೀಚೆ ಸಮದೂರಕ್ಕೆ ರಿಂಗು ಕೂರಿಸಿದ ರಬ್ಬರ್ ಪಟ್ಟಿಗಳನ್ನು ಅಂಟಿಸಿದ. ಕೆಲಸವೇನೋ ಅಚ್ಚುಕಟ್ಟು. ಇನ್ನು ಅವನ್ನು ಕೀಳಬೇಕಾದರೆ ಆನೆಯೇ ಬರಬೇಕು.

ಮರುದಿನ ಮೋಟರ್ ಕಟ್ಟಿ ಅವಳು ಚೈನ್ ಎಳೆದಳು. ದೋಣಿಯ ಹಿಂಭಾಗ ನೆಲಕ್ಕೆ ಜಗ್ಗಿತು, ಮೂತಿ ಆಕಾಶ ನೋಡಿತು.

"ಮುಂದೆ ಒಂಚೂರು ಭಾರ ಬೇಕು, ಅಷ್ಟೇ," ಅಂದ ಗಂಡ. ದೋಣಿಯನ್ನು ಇಳಿಸಿ, ತಾನೇ ಅದರ ಮೂತಿಯಲ್ಲಿ ಹತ್ತಿ ಕೂತ. "ಈಗ ಎಳಿ."

ಎಳೆದಳು. ದೋಣಿ ತಕ್ಕಡಿಯ ಹಾಗೆ ಸಮವಾಗಿ ಮೇಲೇರಿ ತೊಲೆಯ ಹತ್ತಿರ ನಿಂತಿತು.

"ನೋಡಿದ್ಯಾ? ನಾನು ಹೇಳ್ಲಿಲ್ವಾ!" ಮೇಲಿನಿಂದ ದನಿ ಬಂತು. "ಸರಿ, ಇನ್ನು ಇಳಿಸು."

"ಇಳಿಸೋದ್ಯಾಕೆ? ದೋಣಿ ಇರಬೇಕಾದ್ದೇ ಅಲ್ಲಿ. ನೀವು ಇಳಿದ್ರೆ ವಾಲುತ್ತೆ," ಅಂದಳು ಅವಳು. ಚೈನನ್ನು ಕಂಬಕ್ಕೆ ಬಿಗಿದು, ಕೈ ಒರೆಸಿಕೊಂಡು, ಬಾಗಿಲ ಕಡೆ ನಡೆದಳು. "ಊಟ ಅಲ್ಲಿಗೇ ಕಳಿಸ್ತೀನಿ."